ಜಟ್ಟಿಗಳು ಎಲ್ಲಿ ಹುಟ್ಟುತ್ತಾರೆ?

ಒಂದೊಂದು ಊರು ಒಂದೊಂದು ವಿದ್ಯೆಗೆ ಹೆಸರಾಗುವುದು ಲೋಕದಲ್ಲಿ ಹೊಸದಲ್ಲ. ಸಂಗೀತವೆಂದರೆ ಧಾರವಾಡ, ಸೀರೆಯೆಂದರೆ ಇಳಕಲ್ಲು, ಬೊಂಬೆಯೆಂದರೆ ಚನ್ನಪಟ್ಟಣ ನೆನಪಿಗೆ ಬರುತ್ತವೆ. ಕುಸ್ತಿಯ ಮಾತೂ ಹೀಗೆಯೇ. ಕಾಲೇಜು ಹುಡುಗರ ಕುಸ್ತಿಯೆಂದೊಡನೆ ನಮ್ಮ ನಾಡಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ದಾವಣಗೆರೆ, ಹಳಿಯಾಳಗಳ ಹೆಸರು ಕೇಳಿಬರುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಹೆಸರು ಕೇಳುವುದು ಅಪರೂಪ. ಇದಕ್ಕೆ ಕಾರಣವೇನೆಂದು ಕೇಳಿದರೆ ಜನ ಸಿದ್ಧವಾಗಿಟ್ಟುಕೊಂಡಿರುವ ಉತ್ತರ ಒಂದೇ: “ಅದು ಆ ಮಣ್ಣಿನ ಗುಣ, ನಮ್ಮ ಮಣ್ಣಿಗೆ ಅದಿಲ್ಲ.”

ಈ ಉತ್ತರ ನಿರಪಾಯವಾದುದೆಂದು ನಾವು ಭಾವಿಸುವುದಿಲ್ಲ. ಹದಿನೆಂಟು ವರ್ಷದ ವಿದ್ಯಾರ್ಥಿಯೊಬ್ಬನು “ನಮ್ಮ ಸೀಮೆಯವರಿಗೆ ಇದು ಒಲಿಯುವುದಿಲ್ಲ” ಎಂದು ನಂಬಿದರೆ ಅವನು ಅಖಾಡಕ್ಕೆ ಇಳಿಯುವುದೇ ಇಲ್ಲ. ಅವನು ಇಳಿಯದ ಕಾರಣ ಆ ಸೀಮೆಯಿಂದ ಜಟ್ಟಿ ಹೊರಡುವುದಿಲ್ಲ. ಜಟ್ಟಿ ಹೊರಡದ ಕಾರಣ ಆ ನಂಬಿಕೆ ಮತ್ತಷ್ಟು ಗಟ್ಟಿಯಾಗುತ್ತದೆ. ಹೀಗೆ ತನ್ನನ್ನು ತಾನೇ ಸಾಧಿಸಿಕೊಳ್ಳುವ ಮಾತನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ. ಆ ಕೆಲಸವನ್ನು ಓದುಗರೊಡನೆ ಇಲ್ಲಿ ಮಾಡೋಣ.

ಮೊದಲು ಸಂಗತಿಗಳು

ಒಲಿಂಪಿಕ್ ಕ್ರೀಡೆಗಳಲ್ಲಿ ಕುಸ್ತಿಗಾಗಿ ಭಾರತಕ್ಕೆ 2024ರವರೆಗೆ ದೊರೆತ ಪದಕಗಳು ಎಂಟು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವರ ಕಂಚು ಮೊದಲನೆಯದು. ಅನಂತರ 2008ರಲ್ಲಿ ಒಂದು, 2012ರಲ್ಲಿ ಎರಡು, 2016ರಲ್ಲಿ ಒಂದು, 2021ರಲ್ಲಿ ಟೋಕಿಯೋದಲ್ಲಿ ಎರಡು, 2024ರಲ್ಲಿ ಪ್ಯಾರಿಸಿನಲ್ಲಿ ಒಂದು. ಜಾಧವರದೊಂದನ್ನು ಬಿಟ್ಟರೆ ಉಳಿದ ಏಳೂ ಹರಿಯಾಣ ಮತ್ತು ದಿಲ್ಲಿಯ ಹಳ್ಳಿಪಟ್ಟಣಗಳಿಂದ ಬಂದವರ ಪಾಲು. 2011ರ ಜನಗಣತಿಯಂತೆ ಹರಿಯಾಣದ ಜನಸಂಖ್ಯೆ ಸುಮಾರು 2.5 ಕೋಟಿ, ಕರ್ನಾಟಕದ್ದು 6.1 ಕೋಟಿ. ನಮ್ಮ ಜನ ಅವರ ಎರಡೂವರೆ ಪಟ್ಟಿಗೆ ಹತ್ತಿರ. ಆದರೆ ಪದಕಗಳಲ್ಲಿ ನಮ್ಮ ಪಾಲು ಸೊನ್ನೆ.

ಹೊರದೇಶಗಳಲ್ಲಿಯೂ ಇದೇ ಬಗೆ. ಅಮೆರಿಕದಲ್ಲಿ ಕಾಲೇಜು ಕುಸ್ತಿಯ ರಾಷ್ಟ್ರೀಯ ಪಂದ್ಯಗಳು 1928ರಿಂದ ನಡೆದುಬಂದಿವೆ. ಅವುಗಳ ತಂಡ ಪ್ರಶಸ್ತಿಯನ್ನು ಓಕ್ಲಹೋಮಾ ರಾಜ್ಯ ವಿಶ್ವವಿದ್ಯಾಲಯವು 34 ಸಲ, ಅಯೋವಾ ವಿಶ್ವವಿದ್ಯಾಲಯವು 24 ಸಲ ಗೆದ್ದಿವೆ. ಅಯೋವಾ ಪ್ರಾಂತದ ಜನಸಂಖ್ಯೆ ಸುಮಾರು 32 ಲಕ್ಷ. ನಮ್ಮ ರಾಯಚೂರು ಜಿಲ್ಲೆಯ ಎರಡು ಪಟ್ಟೂ ಇಲ್ಲ. ಅದರ ಹತ್ತು ಪಟ್ಟಿಗಿಂತ ಹೆಚ್ಚು ಜನರಿರುವ ಕ್ಯಾಲಿಫೋರ್ನಿಯಾ ಈ ಲೆಕ್ಕದಲ್ಲಿ ಬಹಳ ಹಿಂದೆ. ರಷ್ಯದ ದಕ್ಷಿಣದ ಗುಡ್ಡಗಾಡು ಪ್ರಾಂತವಾದ ದಾಗೆಸ್ತಾನವೂ ಅಷ್ಟೇ ಚಿಕ್ಕದು. ಮೂರು ಸಲ ಒಲಿಂಪಿಕ್ ಚಿನ್ನ ಗೆದ್ದ ಬುವೈಸಾರ್ ಸೈತಿಯೆವ್ ಹುಟ್ಟಿದ್ದು ಅಲ್ಲಿ.

ಪ್ರದೇಶದಿಂದ ಪ್ರದೇಶಕ್ಕೆ ಅಂತರವಿರುವುದು ಹೀಗೆ ನಿಶ್ಚಯ. ವಿವಾದವಿರುವುದು ಅದರ ಕಾರಣದಲ್ಲಿ.

ಮಣ್ಣು, ಹವೆ, ರಕ್ತ

ವಿಜ್ಞಾನದಲ್ಲಿ ಕಾರಣವನ್ನು ಹುಡುಕಲು ಹಳೆಯದಾದ, ಆದರೂ ಹರಿತವಾದ ಒಂದು ವಿಧಾನವಿದೆ. ಫಲ ಒಂದೇ ಆಗಿರುವ ಎಲ್ಲ ಸ್ಥಳಗಳಲ್ಲಿಯೂ ಕಾಣುವ ಅಂಶ ಯಾವುದು? ಫಲ ಬೇರೆಯಾಗಿರುವ ಸ್ಥಳಗಳಲ್ಲಿ ಇಲ್ಲದ ಅಂಶ ಯಾವುದು? ಈ ಎರಡು ಪ್ರಶ್ನೆಗಳನ್ನು ಕೇಳಬೇಕು.

ಹರಿಯಾಣ ಬಟ್ಟಬಯಲು, ದಾಗೆಸ್ತಾನ ಪರ್ವತಸೀಮೆ. ಅಯೋವಾದಲ್ಲಿ ಚಳಿಗಾಲಕ್ಕೆ ಹಿಮ ಸುರಿಯುತ್ತದೆ. ಕೊಲ್ಲಾಪುರದಲ್ಲಿ ಮುಂಗಾರಿನ ಮಳೆ ಹೊಡೆಯುತ್ತದೆ. ಒಂದೆಡೆ ಗೋಧಿ, ಇನ್ನೊಂದೆಡೆ ಜೋಳ. ಒಬ್ಬರು ಮಾಂಸಾಹಾರಿಗಳು, ಇನ್ನೊಬ್ಬರು ಹಾಲುತುಪ್ಪದವರು. ಈ ನಾಲ್ಕು ಸೀಮೆಗಳ ಜನರಿಗೆ ವಂಶದ ಸಂಬಂಧವೂ ಇಲ್ಲ. ಮಣ್ಣು, ಹವೆ, ರಕ್ತ ಎಂಬ ಮೂರೂ ಸಮಾನಾಂಶದ ಪಟ್ಟಿಯಿಂದ ಹೀಗೆ ಉದುರಿಹೋಗುತ್ತವೆ.

ಈಗ ಮನೆಯ ಹತ್ತಿರದ ಹೋಲಿಕೆಯನ್ನು ನೋಡೋಣ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19.3 ಲಕ್ಷ, ಬಾಗಲಕೋಟೆಯದು 18.9 ಲಕ್ಷ, ಧಾರವಾಡದ್ದು 18.5 ಲಕ್ಷ, ದಾವಣಗೆರೆಯದು 19.5 ಲಕ್ಷ. ನಾಲ್ಕೂ ತಕ್ಕಡಿಯಲ್ಲಿಟ್ಟಂತೆ ಸಮ. ಇದರಲ್ಲಿಯೂ ಬಾಗಲಕೋಟೆ ಮತ್ತು ರಾಯಚೂರು ಜಿಲ್ಲೆಗಳ ಸೀಮೆಗಳು ಒಂದನ್ನೊಂದು ಮುಟ್ಟುತ್ತವೆ. ಎರಡೂ ಕಡೆ ಎರೆಭೂಮಿ, ಎರಡೂ ಕಡೆ ಕೃಷ್ಣೆಯ ನೀರು, ಎರಡೂ ಕಡೆ ಜೋಳದ ರೊಟ್ಟಿ. ಆದರೂ 2020ರಲ್ಲಿ ಏಷ್ಯಾ ಕುಸ್ತಿ ಪಂದ್ಯಗಳಲ್ಲಿ 55 ಕಿಲೋ ಗ್ರೀಕೋ-ರೋಮನ್ ವಿಭಾಗದ ಕಂಚಿನ ಪದಕ ಪಡೆದ ಅರ್ಜುನ ಹಲಕುರ್ಕಿ ಬಾಗಲಕೋಟೆಯ ಕಡೆಯವರಾದರು. ರಾಯಚೂರಿನ ಕಡೆಯಿಂದ ಅಂಥ ಹೆಸರು ಕೇಳಿಬರಲಿಲ್ಲ. ಗಡಿಯ ಕಲ್ಲನ್ನು ದಾಟಿದೊಡನೆ ರಕ್ತ ಬದಲಾಗುವುದೆಂದು ಯಾರೂ ಹೇಳಲಾರರು.

ನಮ್ಮ ಸೀಮೆಗೆ ಈ ವಿದ್ಯೆಯ ಪರಿಚಯವಿಲ್ಲವೆಂಬುದೂ ನಿಜವಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನು ತಿಕ್ಕಿಸಿಕೊಂಡು, ಭಾರವೆತ್ತಿ, ಕತ್ತಿ ಬೀಸಿ, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಅದೇ ಅರಸನು ಅದೇ ವರ್ಷ ಕಾದಿ ಗೆದ್ದುದು ಕೃಷ್ಣಾ ತುಂಗಭದ್ರೆಗಳ ನಡುವಿನ ಈ ರಾಯಚೂರು ಸೀಮೆಗಾಗಿ. ನಮ್ಮ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಿಗೂ, ಜೋಳದ ಚೀಲವನ್ನು ಬೆನ್ನಿಗೇರಿಸಿ ನಡೆಯುವವರಿಗೂ ಇಂದೂ ಬರವಿಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ದುಡಿಯುವ ಮೈಗಳು ಲಿಂಗಸುಗೂರು ತಾಲ್ಲೂಕಿನವೇ. ಕಸುವು ಇದೆ, ಅದು ಪಟ್ಟಾಗಿ ಮಾರ್ಪಟ್ಟಿಲ್ಲ.

ಸಂಖ್ಯೆಯ ಮಹಿಮೆ

ಹಾಗಾದರೆ ಕುಸ್ತಿಗೆ ಹೆಸರಾದ ಸೀಮೆಗಳ ಸಮಾನಾಂಶ ಯಾವುದು? ಅಲ್ಲೆಲ್ಲ ಕುಸ್ತಿಗೆ ಇಳಿಯುವ ಎಳೆಯರ ಸಂಖ್ಯೆ ದೊಡ್ಡದು. ಅವರು ಮೇಲಿಂದ ಮೇಲೆ ಸೆಣಸುವ ಸ್ಥಳಗಳು ಹತ್ತಿರ. ಈ ಎರಡು ಸಂಗತಿಗಳಿಂದಲೇ ಅಂತರದ ಬಹುಭಾಗವನ್ನು ವಿವರಿಸಬಹುದೆಂದು ನಮ್ಮ ಅಭಿಪ್ರಾಯ.

ಒಂದು ಸರಳವಾದ ಲೆಕ್ಕ ಮಾಡೋಣ. ಮನುಷ್ಯರ ಎತ್ತರವು ಗಂಟೆಯಾಕಾರದ ರೇಖೆಯಂತೆ ಹಂಚಿಹೋಗಿರುತ್ತದೆಂಬುದನ್ನು ವಿದ್ಯಾರ್ಥಿಗಳು ಓದಿರಬಹುದು. ಒಂದು ಸೀಮೆಯ ತರುಣರ ಸರಾಸರಿ ಎತ್ತರ 165 ಸೆಂಟಿಮೀಟರ್, ಮಾನಕ ವಿಚಲನೆ 6 ಸೆಂಟಿಮೀಟರ್ ಎಂದು ಊಹಿಸಿಕೊಳ್ಳಿ. ಅವರಲ್ಲಿ ಕಣ್ಣುಮುಚ್ಚಿ ಹತ್ತು ಮಂದಿಯನ್ನು ಆರಿಸಿದರೆ ಅವರೊಳಗೆ ಎಲ್ಲರಿಗಿಂತ ಎತ್ತರದವನು ಸರಾಸರಿಯಲ್ಲಿ 174 ಸೆಂಟಿಮೀಟರ್ ಇರುತ್ತಾನೆ. ನೂರು ಮಂದಿಯನ್ನು ಆರಿಸಿದರೆ ಆತ 180. ಸಾವಿರ ಮಂದಿಯಾದರೆ 184. ಸೀಮೆ ಅದೇ, ಜನ ಅದೇ, ಸರಾಸರಿ ಅದೇ. ಬದಲಾದದ್ದು ಆರಿಸಿಕೊಂಡವರ ಸಂಖ್ಯೆ ಮಾತ್ರ.

ಎತ್ತರದ ಬದಲು ಕುಸ್ತಿಯ ಸಹಜಶಕ್ತಿ ಎಂದು ಓದಿಕೊಂಡರೆ ನಮ್ಮ ವಾದ ಸ್ಪಷ್ಟವಾಗುತ್ತದೆ. ಸಮಾನ ಗುಣದ ಎರಡು ತಾಲ್ಲೂಕುಗಳಲ್ಲಿ ಒಂದರಲ್ಲಿ ಸಾವಿರ ಹುಡುಗರು ಗರಡಿಮನೆಯ ಹೊಸ್ತಿಲು ತುಳಿಯುತ್ತಾರೆ, ಇನ್ನೊಂದರಲ್ಲಿ ಹತ್ತು ಮಂದಿ ತುಳಿಯುತ್ತಾರೆ ಎನ್ನೋಣ. ಎರಡು ಕಡೆಯ ಸರ್ವೋತ್ತಮ ಜಟ್ಟಿಗಳನ್ನು ಎದುರುಬದುರು ನಿಲ್ಲಿಸಿದರೆ ಮೊದಲನೆಯವನು ಬಹುತೇಕ ಗೆಲ್ಲುವನು. ನೋಡಿದವರು ಮೊದಲನೆಯ ಊರಿನ ಮಣ್ಣನ್ನು ಹೊಗಳುವರು. ನಿಜವಾಗಿ ಗೆದ್ದುದು ಆ ಊರಿನ ಹೊಸ್ತಿಲು.

ಆಯ್ಕೆಯಷ್ಟೇ ಅಲ್ಲ, ಕಲಿಕೆಯೂ ಸಂಖ್ಯೆಯನ್ನೇ ಅವಲಂಬಿಸಿದೆ. ಕುಸ್ತಿಯನ್ನು ಒಬ್ಬನೇ ಕಲಿಯಲಾಗದು. ದಂಡೆ ಬಸ್ಕಿಗಳನ್ನು ಒಬ್ಬನೇ ಹೊಡೆಯಬಹುದು. ಪಟ್ಟು ಬಲಿಯಲು ಎದುರಾಳಿ ಬೇಕು, ಅವನೂ ಸಮತೂಕದವನಾಗಿರಬೇಕು. ಇಂದು ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಪ್ರತಿಯೊಂದು ಶೈಲಿಗೂ ಹತ್ತು ತೂಕ ವರ್ಗಗಳಿವೆ. ಕಾಲೇಜೊಂದರಲ್ಲಿ ಎಂಟು ಮಂದಿ ಕುಸ್ತಿಯ ಹುಡುಗರಿದ್ದರೆ ಅವರಲ್ಲಿ ಹೆಚ್ಚಿನವರಿಗೆ ತಮ್ಮ ತೂಕದ ಜೊತೆಗಾರನೇ ಸಿಗುವುದಿಲ್ಲ. ಐವತ್ತೇಳು ಕಿಲೋ ಹುಡುಗ ಎಪ್ಪತ್ತು ಕಿಲೋದವನ ಕೆಳಗೆ ದಿನವೂ ನುಗ್ಗಾಗುತ್ತಾನೆ. ಎಪ್ಪತ್ತು ಕಿಲೋದವನು ಸೋಲನ್ನೇ ಕಾಣದೆ ಸೋಮಾರಿಯಾಗುತ್ತಾನೆ. ಇಬ್ಬರಿಗೂ ಕಲಿಕೆಯಿಲ್ಲ.

ದೊರೆಗಳ ಆಶ್ರಯವೂ ಕಡೆಗೆ ಇದೇ ಕೆಲಸವನ್ನು ಮಾಡಿತು. ಕೊಲ್ಲಾಪುರದ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ಮೈಸೂರಿನಲ್ಲಿ ದಸರಾ ಕುಸ್ತಿ ಒಡೆಯರ ಆಸರೆಯಲ್ಲಿ ಬೆಳೆಯಿತು. ಅರಸರು ಜನರ ರಕ್ತವನ್ನು ಬದಲಿಸಲಿಲ್ಲ. ಕಣವನ್ನು ಕಟ್ಟಿದರು, ಬಹುಮಾನ ಇಟ್ಟರು, ಹುಡುಗರು ಬಂದರು. ನಿಜಾಮರ ರಾಜ್ಯದ ಅಂಚಿನಲ್ಲಿದ್ದ ರಾಯಚೂರಿಗೆ ರಾಜಧಾನಿ ಹೈದರಾಬಾದು ಬಲು ದೂರವಾಗಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೆಂಗಳೂರು ಅದಕ್ಕೂ ದೂರವಾಯಿತು.

ಭೌತವಿಜ್ಞಾನಕ್ಕೆ ತಾಲ್ಲೂಕಿಲ್ಲ

“ಅಭ್ಯಾಸದಿಂದ ಅಷ್ಟು ವ್ಯತ್ಯಾಸವಾದೀತೇ?” ಎಂದು ಕೇಳುವವರಿಗಾಗಿ ಒಂದು ಚಿಕ್ಕ ಲೆಕ್ಕವನ್ನು ಮುಂದಿಡುತ್ತೇವೆ. 65 ಕಿಲೋ ತೂಕದ ಹುಡುಗನೊಬ್ಬ ಕಾಲುಗಳನ್ನು ಅರ್ಧ ಮೀಟರ್ ಅಗಲಿಸಿ ನೆಟ್ಟಗೆ ನಿಂತಿದ್ದಾನೆ. ಅವನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಗೂ ಹೊರಗಿನ ಪಾದಕ್ಕೂ ಅಂತರ 25 ಸೆಂಟಿಮೀಟರ್. ಎದುರಾಳಿ ಪಕ್ಕದಿಂದ 130 ಸೆಂಟಿಮೀಟರ್ ಎತ್ತರದ ಹೆಗಲನ್ನು ತಳ್ಳುತ್ತಾನೆ. ಆ ಪಾದದ ಸುತ್ತ ಭ್ರಾಮಕಗಳನ್ನು ಸಮಗೊಳಿಸಿದರೆ ಹುಡುಗನನ್ನು ಉರುಳಿಸಲು 65ನ್ನು 25ರಿಂದ ಗುಣಿಸಿ 130ರಿಂದ ಭಾಗಿಸಿದಷ್ಟು, ಅಂದರೆ ಹನ್ನೆರಡೂವರೆ ಕಿಲೋ ತೂಕದಷ್ಟು ಬಲ ಸಾಕು. ಅದೇ ಹುಡುಗ ಮೊಣಕಾಲು ಬಗ್ಗಿಸಿ ಹೆಗಲನ್ನು 90 ಸೆಂಟಿಮೀಟರಿಗೆ ಇಳಿಸಿ, ಕಾಲುಗಳನ್ನು 70 ಸೆಂಟಿಮೀಟರ್ ಅಗಲಿಸಲಿ. ಈಗ ಅವನನ್ನು ಉರುಳಿಸಲು ಸುಮಾರು 25 ಕಿಲೋ ತೂಕದ ಬಲ ಬೇಕು. ಮನುಷ್ಯದೇಹ ಮರದ ದಿಮ್ಮಿಯಲ್ಲವಾದುದರಿಂದ ನಿಜವಾದ ಕುಸ್ತಿ ಈ ಲೆಕ್ಕಕ್ಕಿಂತ ಜಟಿಲವೆಂಬುದು ಸರಿಯೆ. ಆದರೂ ನಿಲುವೊಂದರಿಂದಲೇ ಸ್ಥಿರತೆ ಇಮ್ಮಡಿಯಾಯಿತು. ತೋಳಿಗೆ ಒಂದು ತೊಲದಷ್ಟೂ ಮಾಂಸ ಸೇರಲಿಲ್ಲ. ಈ ನಿಲುವನ್ನು ಉಸ್ತಾದರು ಕಲಿಸುತ್ತಾರೆ. ಸನ್ನೆಕೋಲಿನ ನಿಯಮ ಕೊಲ್ಲಾಪುರದಲ್ಲಿ ಹೇಗೋ ಮಸ್ಕಿಯಲ್ಲಿಯೂ ಹಾಗೆಯೇ.

ಇದಕ್ಕೆ ಇತಿಹಾಸದಲ್ಲಿ ಸೊಗಸಾದ ಪ್ರಮಾಣವೊಂದಿದೆ. ಸಾತಾರಾ ಜಿಲ್ಲೆಯ ಗೋಳೇಶ್ವರ ಗ್ರಾಮದ ಖಾಶಾಬಾ ಜಾಧವರು ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿ. ಮಣ್ಣಿನ ಅಖಾಡದಲ್ಲಿ ಬೆಳೆದ ಅವರು 1948ರಲ್ಲಿ ಲಂಡನ್ನಿನಲ್ಲಿ ಮ್ಯಾಟಿನ ಮೇಲೆ, ತಮಗೆ ಹೊಸದಾದ ನಿಯಮಗಳಲ್ಲಿ ಸೆಣಸಿ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷಗಳ ಸಾಧನೆಯ ಅನಂತರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಆ ಎರಡನೆಯ ಪ್ರಯಾಣಕ್ಕಾಗಿ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಒದಗಿಸಿದರು. 1948ರ ಜಾಧವರಿಗೂ 1952ರ ಜಾಧವರಿಗೂ ರಕ್ತ ಒಂದೇ, ಹುಟ್ಟಿದ ಮಣ್ಣು ಒಂದೇ. ಬದಲಾದುದು ಅಭ್ಯಾಸ, ಬೆನ್ನಿಗೆ ನಿಂತುದು ಒಂದು ಕಾಲೇಜು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವನು ಕಾಲೇಜು ಹುಡುಗನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಇಂದಿನ ಪಂದ್ಯ ಮೂರು ಮೂರು ನಿಮಿಷಗಳ ಎರಡು ಭಾಗಗಳಲ್ಲಿ ಮುಗಿಯುತ್ತದೆ. ಅಂಕಗಳಿವೆ, ಫ್ರೀಸ್ಟೈಲಿನಲ್ಲಿ ಹತ್ತು ಅಂಕಗಳ ಅಂತರವಾದೊಡನೆ ಕುಸ್ತಿ ನಿಲ್ಲುತ್ತದೆ. ಎದುರಾಳಿಯನ್ನು ಚಿತ್ ಮಾಡುವವರೆಗೆ ಸಾವಧಾನದಿಂದ ಕಾಯುವ ಜಾತ್ರೆಯ ಕುಸ್ತಿ ಇದಲ್ಲ. ಮಣ್ಣು ಕಾಲನ್ನು ಹಿಡಿಯುವ ರೀತಿ ಬೇರೆ, ಮ್ಯಾಟು ಹಿಡಿಯುವ ರೀತಿ ಬೇರೆ. ಜಾತ್ರೆಯ ಕಣದಲ್ಲಿ ಬೆಳ್ಳಿಕಡಗ ಗೆದ್ದ ಬಲಶಾಲಿಯೂ ವಿಶ್ವವಿದ್ಯಾಲಯದ ಪಂದ್ಯದಲ್ಲಿ ಮೊದಲ ಸುತ್ತಿಗೇ ಹೊರಬೀಳಲು ಕಾರಣ ಇದು. ಮ್ಯಾಟು ಇರುವ ಊರಿನ ಹುಡುಗನಿಗೆ ಈ ತೊಡಕಿಲ್ಲ.

ಲೆಕ್ಕ ಬರೆಯುವವರ ಕೈವಾಡ

ಪ್ರದೇಶಗಳ ಅಂತರದಲ್ಲಿ ಒಂದು ಪಾಲು ಲೆಕ್ಕ ಬರೆಯುವ ಕ್ರಮದಿಂದಲೇ ಹುಟ್ಟುತ್ತದೆ. ಪದಕವನ್ನು ಯಾರ ಖಾತೆಗೆ ಬರೆಯಬೇಕು? ಹುಟ್ಟಿದ ಊರಿಗೋ, ಕಲಿತ ಊರಿಗೋ, ಕಾಲೇಜಿಗೋ? ಲಿಂಗಸುಗೂರಿನ ಹುಡುಗಿಯೊಬ್ಬಳು ಹಳಿಯಾಳದ ಕುಸ್ತಿ ಕ್ರೀಡಾನಿಲಯವನ್ನು ಸೇರಿ, ಧಾರವಾಡದ ಕಾಲೇಜಿನಲ್ಲಿ ಓದಿ ಗೆದ್ದರೆ ಕೀರ್ತಿ ಧಾರವಾಡದ್ದು. ಅಮೆರಿಕದಲ್ಲಿಯೂ ಹೆಸರುವಾಸಿ ವಿಶ್ವವಿದ್ಯಾಲಯಗಳು ಅನ್ಯ ಪ್ರಾಂತಗಳ ಉತ್ತಮ ಜಟ್ಟಿಗಳನ್ನು ತಮ್ಮೆಡೆಗೆ ಸೆಳೆಯುತ್ತವೆ. ಇದ್ದವನಿಗೆ ಮತ್ತಷ್ಟು ಸೇರುತ್ತದೆ. ಕಳಿಸಿಕೊಟ್ಟವನ ಖಾತೆ ಬರಿದಾಗಿಯೇ ಉಳಿಯುತ್ತದೆ.

ಗಡಿಗಳೂ ಬದಲಾಗುತ್ತವೆ. 2011ರ ಜನಗಣತಿಯ ಕಾಲಕ್ಕೆ ಮಸ್ಕಿ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. 1915ರಲ್ಲಿ ದೊರೆತ ಶಾಸನದಿಂದ ಅಶೋಕನ ಹೆಸರನ್ನು ಲೋಕಕ್ಕೆ ತೋರಿಸಿಕೊಟ್ಟ ಊರು, ಆಡಳಿತದ ಪಟ್ಟಿಯಲ್ಲಿ ಬಹುಕಾಲ ಇನ್ನೊಂದು ತಾಲ್ಲೂಕಿನ ಹೋಬಳಿಯಾಗಿತ್ತು. ಕಾಲೇಜುಗಳ ಮಾತೂ ಹೀಗೆಯೇ. ನಮ್ಮ ಸೀಮೆಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಿಂದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಈಗ ರಾಯಚೂರಿಗೇ ಒಂದು ವಿಶ್ವವಿದ್ಯಾಲಯವಿದೆ. ವಿಶ್ವವಿದ್ಯಾಲಯದ ತಂಡದಲ್ಲಿ ತೂಕ ವರ್ಗಕ್ಕೆ ಸಾಮಾನ್ಯವಾಗಿ ಒಬ್ಬನಿಗೇ ಅವಕಾಶ. ವಿಶ್ವವಿದ್ಯಾಲಯ ಚಿಕ್ಕದಾದಷ್ಟು ನಮ್ಮ ಹುಡುಗರಿಗೆ ತಂಡದ ಬಾಗಿಲು ಅಗಲವಾಗುತ್ತದೆ. ಆದರೆ ಒಳಗಿನ ಸ್ಪರ್ಧೆ ತೆಳುವಾದರೆ ಬಾಗಿಲು ದಾಟಿದವನು ಹೊರಗೆ ಹೋಗಿ ಸೋಲುತ್ತಾನೆ. ಬಾಗಿಲು ಅಗಲವಾಗಿರುವ ಈ ಹೊತ್ತಿನಲ್ಲಿ ಒಳಗೆ ಜನ ತುಂಬುವುದು ಮುಖ್ಯ.

ಇನ್ನೊಂದು ಎಚ್ಚರಿಕೆ. ಒಂದು ತಾಲ್ಲೂಕಿನಿಂದ ಸರಾಸರಿಯಲ್ಲಿ ವರ್ಷಕ್ಕೊಬ್ಬ ಉತ್ತಮ ಜಟ್ಟಿ ಹೊರಡುತ್ತಾನೆ ಎಂದಿಟ್ಟುಕೊಳ್ಳಿ. ಹಾಗಿದ್ದರೂ ಸಂಭವನೀಯತೆಯ ನಿಯಮದಂತೆ ನೂರರಲ್ಲಿ 37 ವರ್ಷ ಒಬ್ಬನೂ ಇರುವುದಿಲ್ಲ. 37 ವರ್ಷ ಒಬ್ಬ. 18 ವರ್ಷ ಇಬ್ಬರು. ಉಳಿದ 8 ವರ್ಷ ಮೂವರು ಅಥವಾ ಹೆಚ್ಚು. ಮೂವರು ಬಂದ ವರ್ಷ ಮೆರವಣಿಗೆ, ಯಾರೂ ಬಾರದ ವರ್ಷ ನಿಂದೆ. ಎರಡೂ ಬರಿಯ ಆಕಸ್ಮಿಕ. ಸಣ್ಣ ಸೀಮೆಯೊಂದನ್ನು ಒಂದೆರಡು ವರ್ಷಗಳ ಫಲದಿಂದ ಅಳೆಯುವುದು ನಾಣ್ಯವನ್ನು ಎರಡು ಸಲ ಚಿಮ್ಮಿ ಅದರ ಗುಣವನ್ನು ನಿರ್ಣಯಿಸಿದಂತೆ.

ಅನ್ನದ ಪ್ರಶ್ನೆ

ಎಲ್ಲವೂ ಸಂಖ್ಯೆಯ ಮಾಯೆಯೆಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 2011ರಲ್ಲಿ ಧಾರವಾಡ ಜಿಲ್ಲೆಯ ಸಾಕ್ಷರತೆ ಶೇಕಡಾ 80. ರಾಯಚೂರಿನದು 60ಕ್ಕೂ ತುಸು ಕಡಿಮೆ. ಡಾ. ನಂಜುಂಡಪ್ಪನವರ ಸಮಿತಿ 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿದಾಗ ಅದರ ಭಾರ ಹೆಚ್ಚಾಗಿ ಬಿದ್ದುದು ಉತ್ತರ ಕರ್ನಾಟಕದ ಮೇಲೆ, ಅದರಲ್ಲಿಯೂ ನಮ್ಮ ಭಾಗದ ಮೇಲೆ. ಶಾಲೆ ಬಿಟ್ಟು ಕೂಲಿಗೆ ಹೋದ ಹುಡುಗ ಕಾಲೇಜು ಜಟ್ಟಿಯಾಗಲಾರ. ಎಳವೆಯಲ್ಲಿ ಪುಷ್ಟಿ ಕಾಣದ ಮೈ ಹದಿನೆಂಟರಲ್ಲಿ ಒಮ್ಮೆಗೇ ಹಿಗ್ಗಲಾರದು.

ಆದರೆ ಇದನ್ನು ವಿಧಿಯೆಂದು ತಿಳಿಯಬೇಕಿಲ್ಲ. ಕಠಿಣ ಅಭ್ಯಾಸ ಮಾಡುವವನಿಗೆ ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಸಾಕು. 65 ಕಿಲೋ ಹುಡುಗನಿಗೆ 104 ಗ್ರಾಂ. ನಾಲ್ಕುನೂರು ಗ್ರಾಂ ಜೋಳದಿಂದ ಸುಮಾರು 40 ಗ್ರಾಂ, ನೂರು ಗ್ರಾಂ ತೊಗರಿಬೇಳೆಯಿಂದ 22, ಅರವತ್ತು ಗ್ರಾಂ ಶೇಂಗಾದಿಂದ 15, ಅರ್ಧ ಲೀಟರ್ ಹಾಲಿನಿಂದ 16, ಎರಡು ಮೊಟ್ಟೆಗಳಿಂದ 12. ಒಟ್ಟು 105. ಮೊಟ್ಟೆ ತಿನ್ನದವನು ಹಾಲು, ಬೇಳೆಗಳನ್ನು ಹೆಚ್ಚಿಸಿಕೊಳ್ಳಲಿ. ಜೋಳದಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ತೊಗರಿ ತುಂಬಿಕೊಡುತ್ತದೆ. ಬಾದಾಮಿ ತುಪ್ಪಗಳ ಕನಸು ಬೇಕಿಲ್ಲ. ಇಲ್ಲಿ ಹೇಳಿರುವುದೆಲ್ಲ ನಮ್ಮ ಸಂತೆಯಲ್ಲಿ ಸಿಗುವ ವಸ್ತುಗಳೇ. ವಿದ್ಯಾರ್ಥಿ ನಿಲಯದ ತಟ್ಟೆಯಲ್ಲಿ ಇವು ಬೀಳುವಂತೆ ನೋಡಿಕೊಳ್ಳುವುದು ಸಮಾಜದ ಹೊಣೆ.

ತೂಕ ಇಳಿಸುವ ಹುಚ್ಚಿನ ಬಗ್ಗೆಯೂ ಎರಡು ಮಾತು. ಕೆಳಗಿನ ವರ್ಗದಲ್ಲಿ ಸುಲಭವಾಗಿ ಗೆಲ್ಲಬಹುದೆಂದು ನೀರು ಬಿಟ್ಟು, ಬೆವರು ಹರಿಸಿ, ದೇಹವನ್ನು ಒಣಗಿಸುವ ಚಾಳಿ ಎಲ್ಲೆಡೆ ಇದೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಜಟ್ಟಿಗಳು ಹೀಗೆಯೇ ಪ್ರಾಣ ಕಳೆದುಕೊಂಡರು. ಆ ಬಳಿಕ ಅಲ್ಲಿ ನಿಯಮಗಳನ್ನು ಬಿಗಿಗೊಳಿಸಿದರು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಈ ಚಾಳಿ ಇನ್ನೂ ಘಾತುಕ. ಯಾವ ಪದಕವೂ ಅಷ್ಟು ಬೆಲೆಯದಲ್ಲ.

ಮೂರು ಊರು, ಒಂದು ಅಖಾಡ

ಹಾಗಾದರೆ ಮಾಡಬೇಕಾದುದೇನು? ನಮ್ಮ ಸಲಹೆ ಚಿಕ್ಕದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ದಾರಿಯ ಮೇಲಿರುವ ಊರುಗಳು. ಮಸ್ಕಿ ನಡುವೆ ಇದೆ. ಒಂದೊಂದು ಊರಿನಲ್ಲಿ ಎಂಟು ಹುಡುಗರು ಬೇರೆಬೇರೆಯಾಗಿ ಅಭ್ಯಾಸ ಮಾಡಿದರೆ ಪ್ರತಿ ಊರಿನಲ್ಲಿಯೂ ಸಾಧ್ಯವಿರುವ ಜೋಡಿಗಳು 28. ಮೂರು ಊರುಗಳಿಂದ ಒಟ್ಟು 84. ಅದೇ ಇಪ್ಪತ್ತನಾಲ್ಕು ಹುಡುಗರು ಒಂದೇ ಕಡೆ ಸೇರಿದರೆ ಜೋಡಿಗಳು 276. ಹುಡುಗರ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಸೆಣಸುವ ಅವಕಾಶ ಮೂರು ಪಟ್ಟಿಗಿಂತ ಹೆಚ್ಚಾಯಿತು. ಹನ್ನೆರಡು ಮೀಟರ್ ಚೌಕದ ಒಂದು ಮ್ಯಾಟು, ಒಬ್ಬ ನುರಿತ ಶಿಕ್ಷಕ, ತಿಂಗಳಿಗೆರಡು ಭಾನುವಾರ, ಹುಡುಗರ ಬಸ್ಸಿನ ಖರ್ಚು—ಇಷ್ಟರಿಂದ ಆರಂಭಿಸಬಹುದು. ಮೂರು ಕಾಲೇಜುಗಳು ಮನಸ್ಸು ಮಾಡಿದರೆ ಇದು ಯಾವ ಸರ್ಕಾರದ ಆಜ್ಞೆಗೂ ಕಾಯಬೇಕಾದ ಕೆಲಸವಲ್ಲ.

ಶಿಕ್ಷಕನ ಮಾತನ್ನು ಒತ್ತಿ ಹೇಳುತ್ತೇವೆ. ಅಯೋವಾ ವಿಶ್ವವಿದ್ಯಾಲಯದ 24 ಪ್ರಶಸ್ತಿಗಳಲ್ಲಿ 15 ಬಂದುದು ಡ್ಯಾನ್ ಗೇಬಲ್ ಎಂಬ ಒಬ್ಬನೇ ಗುರುವಿನ ಕಾಲದಲ್ಲಿ, 1976ರಿಂದ 1997ರ ನಡುವೆ. ಒಂದು ಸೀಮೆಯ ಮಣ್ಣಿನ ಗುಣವೆಂದು ಜನ ಕರೆಯುವುದು ಎಷ್ಟೋ ಸಲ ಒಬ್ಬ ಗುರುವಿನ ಬೆವರು.

ಹೆಣ್ಣುಮಕ್ಕಳನ್ನು ಈ ಲೆಕ್ಕದಿಂದ ಹೊರಗಿಡಬಾರದು. 2004ರಿಂದ ಮಹಿಳೆಯರ ಕುಸ್ತಿ ಒಲಿಂಪಿಕ್ ಕ್ರೀಡೆಯಾಗಿದೆ. 2016ರಲ್ಲಿ ಸಾಕ್ಷಿ ಮಲಿಕ್ ಪದಕ ತಂದರು. ಹಳಿಯಾಳದ ಹುಡುಗಿಯರು ರಾಜ್ಯದಲ್ಲೆಲ್ಲ ಹೆಸರಾಗಿದ್ದಾರೆ. ಹಳಿಯಾಳ ಸಿಂಧನೂರಿಗಿಂತ ಚಿಕ್ಕ ತಾಲ್ಲೂಕು. ಅರ್ಧ ಜನರನ್ನು ಹೊಸ್ತಿಲಾಚೆ ನಿಲ್ಲಿಸಿದ ಸೀಮೆ ತನ್ನ ಆಯ್ಕೆಯನ್ನು ತಾನೇ ಅರ್ಧಕ್ಕಿಳಿಸಿಕೊಂಡಂತೆ.

ಕುಸ್ತಿ ಹಿಡಿಯಲೊಲ್ಲದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ನಿಮ್ಮ ಕಾಲೇಜಿನ ಪ್ರತಿಯೊಬ್ಬ ಕುಸ್ತಿಪಟುವಿನ ವಿಷಯದಲ್ಲಿ ಐದು ಸಂಗತಿಗಳನ್ನು ಬರೆದಿಡಿ: ಹುಟ್ಟಿದ ಊರು, ಮೊದಲು ಕಲಿತ ಊರು, ತೂಕ ವರ್ಗ, ಅಭ್ಯಾಸದ ವರ್ಷಗಳು, ಆ ವರ್ಷ ಆಡಿದ ಪಂದ್ಯಗಳ ಸಂಖ್ಯೆ. ಸೋತವರದನ್ನೂ ಬರೆಯಿರಿ, ಗೆದ್ದವರನ್ನು ಮಾತ್ರ ಎಣಿಸುವುದರಿಂದಲೇ ಮಣ್ಣಿನ ಗುಣದ ಕಥೆಗಳು ಹುಟ್ಟುವುದು. ಹತ್ತು ವರ್ಷ ಹೀಗೆ ಬರೆದಿಟ್ಟರೆ ನಮ್ಮ ವಾದ ಸರಿಯೋ ತಪ್ಪೋ ನಿಮ್ಮ ಪಟ್ಟಿಯೇ ಹೇಳುತ್ತದೆ. ಗೆಲ್ಲುವವರ ಪಾಲು ಹೆಚ್ಚುವುದು ಹುಟ್ಟಿದ ಊರಿನಿಂದಲ್ಲ, ಅಭ್ಯಾಸದ ವರ್ಷಗಳು ಮತ್ತು ಪಂದ್ಯಗಳ ಸಂಖ್ಯೆಯಿಂದ ಎಂಬುದು ನಮ್ಮ ನಿರೀಕ್ಷೆ. ಫಲಿತಾಂಶ ಇದಕ್ಕೆ ವಿರುದ್ಧವಾಗಿ ಬಂದರೆ ನಮ್ಮ ಅಭಿಪ್ರಾಯವನ್ನು ಕೈಬಿಡಿ, ನಿಮ್ಮ ಪಟ್ಟಿಯನ್ನು ಇಟ್ಟುಕೊಳ್ಳಿ.

ಜಟ್ಟಿಗಳು ಎಲ್ಲ ಊರುಗಳಲ್ಲಿಯೂ ಹುಟ್ಟುತ್ತಾರೆ. ಕೆಲವು ಊರುಗಳು ಅವರನ್ನು ಗುರುತಿಸುತ್ತವೆ. ಉಳಿದವು ಅವರನ್ನು ಚೀಲ ಹೊರಲು ಬಿಡುತ್ತವೆ. ಈ ವರ್ಷ ಪದವಿ ಕಾಲೇಜಿಗೆ ಕಾಲಿಟ್ಟ ಹುಡುಗ ಹುಡುಗಿಯರು ಮೂರು ವರ್ಷದಲ್ಲಿ ಹೊರಟುಹೋಗುತ್ತಾರೆ. ಮೂರೂರಿನ ಅಖಾಡ ಅವರಿಗೆ ದಕ್ಕಬೇಕಾದರೆ ಮ್ಯಾಟು ಈ ವರ್ಷವೇ ಹಾಸಬೇಕು.